ಒಡೆದ ಚಿಪ್ಪಿಗೆ ಅಂಟು ಮೆತ್ತಬೇಡಿ

ನಾವು ಸಾಕಿದ ಸುಲ್ಕಾಟಾ ಎಂಬ ನೆಲದಾಮೆಯ ಚಿಪ್ಪಿನ ಹಿಂದಿನ ಅಂಚನ್ನು ಬೀದಿನಾಯಿ ಕಚ್ಚಿ ಕಿತ್ತಾಗ, ಕಲಬುರಗಿಯ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಸಲಹೆ. "ಪೈಪಿಗೆ ಹಚ್ಚೋ ಅಂಟು ಬಡದು ಬಿಡ್ರಿ ಅಕ್ಕಾ, ಗಟ್ಟಿ ಕುಂದ್ರತದ. ಚಿಪ್ಪಿಗೇನ್ ತ್ರಾಸ ಆಗ್ತದ?"

ತ್ರಾಸ ಆಗುತ್ತದೆ. ಮೇಲೆ ಕಾಣುವುದು ನಮ್ಮ ಉಗುರಿನಲ್ಲೂ ಇರುವ ಕೆರಾಟಿನ್. ಅದರಡಿ ಇರುವುದು ಬೆನ್ನುಮೂಳೆ, ಪಕ್ಕೆಲುಬುಗಳ ಜೊತೆ ಬೆಸೆದುಕೊಂಡ ಜೀವಂತ ಮೂಳೆ. ಅಲ್ಲಿ ರಕ್ತವಿದೆ, ನರಗಳಿವೆ. ಬೆನ್ನಿನ ಚಿಪ್ಪಿನ ಕೆಳಗೇ ಶ್ವಾಸಕೋಶ. ಬಿರುಕಿನ ಆಳ ಗೊತ್ತಿಲ್ಲದಾಗ ನೀರಲ್ಲಿ ಕೂರಿಸಬಾರದು. ಸಲೈನ್ ಹನಿಸಿ ಮಣ್ಣು ತೆಗೆದೆ, ಸಲೈನಲ್ಲಿ ನೆನೆಸಿದ ಬ್ಯಾಂಡೇಜ್ ಬಟ್ಟೆ ಮುಚ್ಚಿ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆ. ನಾಯಿಯ ಬಾಯಿಂದ ಬಂದ ರೋಗಾಣು ಒಳಗಿರುವಾಗ ಮೇಲೆ ಅಂಟು ಮೆತ್ತಿದರೆ ಕೀವು ಅಲ್ಲೇ ಕೂಡಿ ಮೂಳೆ ಕೊಳೆಯುತ್ತದೆ. ಆಮೆಯ ಕೀವು ಗಟ್ಟಿ, ತಾನಾಗಿ ಹರಿದುಹೋಗುವುದಿಲ್ಲ.

ಡಾಕ್ಟರು ಎಕ್ಸ್‌ರೇ ತೆಗೆದು, ಸತ್ತ ಚೂರುಗಳನ್ನು ಕತ್ತರಿಸಿ, ಬಿರುಕಿನ ಎರಡೂ ಬದಿ ಸಣ್ಣ ಕೊಕ್ಕೆ ಕೂರಿಸಿ ತಂತಿ ಬಿಗಿದರು. ಬಿರುಕನ್ನು ಮಾತ್ರ ಮುಚ್ಚಲಿಲ್ಲ. ಆಂಟಿಬಯಾಟಿಕ್ ಇಂಜೆಕ್ಷನ್ ಮೂರು ದಿನಕ್ಕೊಮ್ಮೆ, ಅದೂ ಮುಂಗಾಲಿಗೆ. ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡದ ಕಡೆ ಹೋಗುವುದರಿಂದ ಔಷಧಿ ಅಲ್ಲೇ ಸೋರಿಹೋಗಬಹುದಂತೆ.

ಉಳಿದದ್ದೆಲ್ಲ ಮನೆಯ ಕೆಲಸ, ಅದೇ ದೊಡ್ಡದು. ಫರಸಿ ನೆಲದ ಮೇಲೆ ಪೇಪರ್ ಹಾಸಿ ದಿನಾ ಬದಲಿಸಿದೆ. ಮಣ್ಣಿಲ್ಲ, ಹುಲ್ಲಿನ ಹಾಸಿಗೆಯಿಲ್ಲ. ನೊಣ ಕೂತರೆ ಹುಳ ಬೀಳುತ್ತದೆಂದು ಮೇಲೊಂದು ಸೊಳ್ಳೆಪರದೆ. ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಔಷಧಿಗೆ ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹಚ್ಚಿದೆ, ದಟ್ಟವಾಗಿದ್ದರೆ ಹೊಸ ಚರ್ಮವನ್ನೇ ಸುಡುತ್ತದೆ. ಸುಲ್ಕಾಟಾ ಆಫ್ರಿಕಾದ ಸಹೇಲ್‌ನದು, ಅಂದರೆ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಬಿಸಿ ಸೀಮೆಯದು. ಮೈ ತಣ್ಣಗಾದರೆ ಗಾಯ ಮಾಯುವುದೂ ನಿಧಾನ. ಹಾಗಾಗಿ ಚಳಿಗಾಲದ ರಾತ್ರಿ ಹೀಟರ್ ಇಟ್ಟು 28–30 ಡಿಗ್ರಿ ಕಾಯ್ದುಕೊಂಡೆ. ಬೆಳಗಿನ ಬಿಸಿಲು ಬೇಕೇ ಬೇಕು. ವಿಟಮಿನ್ ಡಿ3 ಇಲ್ಲದೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಮೂಳೆಗೆ ದಕ್ಕದು. ಗರಿಕೆ, ಮುಳ್ಳು ಸವರಿದ ಪಾಪಾಸುಕಳ್ಳಿ ಕೊಟ್ಟೆ.

(ಸುಲ್ಕಾಟಾ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಿ.)

ಮಾಯಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಸತ್ತ ಮೂಳೆಯ ಪದರ ಒಣಗಿ ಸಡಿಲಾದಾಗ ಕೀಳಬೇಕೆನಿಸುತ್ತದೆ. ಕೀಳಬಾರದು, ಅದರಡಿಯೇ ಹೊಸ ಮೂಳೆ, ಹೊಸ ಕೆರಾಟಿನ್ ಬೆಳೆಯುತ್ತಿರುತ್ತದೆ, ಬೆಳೆದ ಮೇಲೆ ಸತ್ತ ಪದರ ತಾನೇ ಉದುರುತ್ತದೆ. ನಾಯಿ ಕಿತ್ತ ಅಂಚು ಮರಳಿ ಬರಲಿಲ್ಲ, ಅಲ್ಲಿ ಮಾಸಲು ಬಿಳಿಯ ತಗ್ಗು ಉಳಿದಿದೆ. ಆಮೆಗೆ ಅದರಿಂದ ತೊಂದರೆಯಿಲ್ಲ. ಬಣ್ಣ ನೋಡಿ ಗಾಬರಿಯಾಗಬೇಡಿ. ಮೂಸಿ ನೋಡಿ, ಮೆಲ್ಲಗೆ ಒತ್ತಿ ನೋಡಿ, ವಾರಕ್ಕೊಮ್ಮೆ ತೂಕ ಬರೆದಿಡಿ. ನಾರಿದರೆ, ಮೆತ್ತಗಾದರೆ, ತೂಕ ಇಳಿಯುತ್ತಲೇ ಹೋದರೆ ಅವತ್ತೇ ಡಾಕ್ಟರ ಹತ್ತಿರ ಒಯ್ಯಿರಿ.