ಪೋರ್ಟ್‌ಫೋಲಿಯೋ ಪೇಪರ್ ಓದುವವರು ಮೊದಲು ಎರಡೇ ಎರಡು ಷೇರು ಹಿಡಿಯಿರಿ

ಎಂ.ಕಾಂ., ಎಂಬಿಎ ಓದುತ್ತಿರುವ ತಮ್ಮ-ತಂಗಿಯರಿಗೆ ಒಂದು ಮಾತು. ಪೋರ್ಟ್‌ಫೋಲಿಯೋ ಮ್ಯಾನೇಜ್‌ಮೆಂಟ್ (ಹಣವನ್ನು ಹಲವು ಷೇರುಗಳಲ್ಲಿ ಹಂಚಿ ನಿಭಾಯಿಸುವ ವಿಷಯ) ಸೂತ್ರಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ನಾನೂ ಹಾಗೇ ಮಾಡಿದ್ದೆ, ಪರೀಕ್ಷೆಯಲ್ಲಿ ಲೆಕ್ಕ ಸ್ವಲ್ಪ ತಿರುಗಿಸಿ ಕೇಳಿದಾಗ ಕೈ ಓಡಲಿಲ್ಲ.

ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ. ಒಂದು ಷೇರಿನ ಸ್ಟ್ಯಾಂಡರ್ಡ್ ಡೀವಿಯೇಷನ್ (ರಿಟರ್ನ್ ಸರಾಸರಿಯಿಂದ ಎಷ್ಟು ಏರಿಳಿಯುತ್ತದೆ ಎಂಬ ಅಳತೆ, ಅಂದರೆ ಅದರ ರಿಸ್ಕ್) 20%, ಇನ್ನೊಂದರದು 30%. ಎರಡರಲ್ಲೂ ಅರ್ಧರ್ಧ ಹಣ. ಕೋರಿಲೇಷನ್ (ಎರಡು ಷೇರು ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) 1 ಇದ್ದರೆ ಒಟ್ಟು ರಿಸ್ಕ್ 25%. ಅದೇ ಕೋರಿಲೇಷನ್ ಸೊನ್ನೆಯಾದರೆ ಸುಮಾರು 18%. ನೋಡಿ, ಕಡಿಮೆ ರಿಸ್ಕಿನ ಷೇರಿಗಿಂತಲೂ ಕಡಿಮೆ ಆಯ್ತು ಅಲ್ವಾ? 1952ರಲ್ಲಿ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ ಬರೆದ ಲೇಖನದ ತಿರುಳು ಇದೇ. ಇದು ಹಿಡಿತಕ್ಕೆ ಬಂದರೆ ಎಫಿಷಿಯೆಂಟ್ ಫ್ರಾಂಟಿಯರ್ (ಪ್ರತಿ ಮಟ್ಟದ ರಿಸ್ಕಿಗೆ ಸಿಗಬಹುದಾದ ಅತಿ ಹೆಚ್ಚು ರಿಟರ್ನ್ ತೋರಿಸುವ ಗೆರೆ) ಚಿತ್ರ ತಾನಾಗಿ ಅರ್ಥವಾಗುತ್ತದೆ.

ಆಮೇಲೆ ನಿಜವಾದ ಷೇರು ತೆಗೆದುಕೊಳ್ಳಿ. ಐದು ವರ್ಷದ ತಿಂಗಳ ಕೊನೆಯ ಬೆಲೆ ಎಕ್ಸೆಲ್‌ಗೆ ಹಾಕಿ. ಮೊದಲು ಬೆಲೆಯನ್ನು ಶೇಕಡಾ ರಿಟರ್ನ್ ಮಾಡಿಕೊಳ್ಳಿ, ನೇರ ಬೆಲೆಗಳ ಮೇಲೆ ಕೋರಿಲೇಷನ್ ತೆಗೆಯಬೇಡಿ. ತುಂಬಾ ಜನ ಎಡವುವುದು ಇಲ್ಲೇ. ತಿಂಗಳ ಡೀವಿಯೇಷನ್ ಅನ್ನು ವರ್ಷಕ್ಕೆ ತರಲು 12ರಿಂದಲ್ಲ, 12ರ ವರ್ಗಮೂಲದಿಂದ ಗುಣಿಸಿ.

ಬೋನಸ್ (ಉಚಿತವಾಗಿ ಕೊಡುವ ಹೆಚ್ಚುವರಿ ಷೇರು), ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಆಗಿದೆಯಾ ಅಂತಲೂ ನೋಡಿ. ಇನ್ಫೋಸಿಸ್ 2018ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಅದಕ್ಕೆ ತಕ್ಕಂತೆ ಹಳೆಯ ಬೆಲೆಯನ್ನು ಹೊಂದಿಸದೆ ಹಾಕಿದರೆ ಷೇರು ಅರ್ಧಕ್ಕೆ ಬಿದ್ದಂತೆ ಕಾಣುತ್ತದೆ, ಇಡೀ ಲೆಕ್ಕ ಕೆಡುತ್ತದೆ.

ಬೀಟಾ (ಮಾರುಕಟ್ಟೆಯ ಏರಿಳಿತಕ್ಕೆ ಷೇರು ಎಷ್ಟು ಅಲುಗುತ್ತದೆ ಎಂಬ ಅಳತೆ), ಶಾರ್ಪ್ ರೇಷಿಯೋ (ತೆಗೆದುಕೊಂಡ ರಿಸ್ಕಿಗೆ ಎಷ್ಟು ಹೆಚ್ಚುವರಿ ರಿಟರ್ನ್ ಸಿಕ್ಕಿತು ಎಂಬ ಅಳತೆ) ಎಲ್ಲ ಅದೇ ಶೀಟಿನಲ್ಲೇ ಬರುತ್ತವೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಶೀಟನ್ನು ಇಲ್ಲೇ ಹಾಕಿ, ನಾನು ನೋಡುತ್ತೇನೆ.