ಮಾಡೆಲಿಂಗ್ ಮತ್ತು ರೆಂಡರಿಂಗ್ ಕೆಲಸಕ್ಕೆ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಆರಿಸುವ ಬಗೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕಾರ್ಡ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ವೇಗವನ್ನು ಹೋಲಿಸಲು ತೊಡಗುತ್ತಾರೆ. ಮಾಡೆಲಿಂಗ್ (ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟುವುದು) ಮತ್ತು ರೆಂಡರಿಂಗನ್ನು (ಆ ಮಾದರಿಯಿಂದ ಅಂತಿಮ ಚಿತ್ರ ತೆಗೆಯುವುದು) ವೃತ್ತಿಯಾಗಿಸಿಕೊಂಡವರು ಅದಕ್ಕೂ ಮೊದಲು ಎರಡು ವಿಷಯಗಳನ್ನು ಬರೆದಿಟ್ಟುಕೊಳ್ಳಬೇಕು: ತಾವು ದಿನವೂ ಬಳಸುವ ರೆಂಡರರ್ (ರೆಂಡರ್ ಮಾಡುವ ತಂತ್ರಾಂಶ) ಯಾವುದು, ಮತ್ತು ಈವರೆಗೆ ಮಾಡಿದ ಅತ್ಯಂತ ಭಾರವಾದ ದೃಶ್ಯ ಎಷ್ಟು ವಿಡಿಯೊ ಮೆಮೊರಿಯನ್ನು (ಕಾರ್ಡಿನೊಳಗಿನ ಮೆಮೊರಿ) ಬೇಡಿತು. ಯಾವ ಸಂಸ್ಥೆಯ ಕಾರ್ಡ್ ಎಂಬುದನ್ನು ಮೊದಲನೆಯದು ತೀರ್ಮಾನಿಸುತ್ತದೆ. ಎಷ್ಟು ದೊಡ್ಡ ಕಾರ್ಡ್ ಎಂಬುದನ್ನು ಎರಡನೆಯದು ತೀರ್ಮಾನಿಸುತ್ತದೆ. ವೇಗದ ಪ್ರಶ್ನೆ ಇವೆರಡೂ ಇತ್ಯರ್ಥವಾದ ಮೇಲೆ ಬರತಕ್ಕದ್ದು.

ಮಾಡೆಲಿಂಗ್ ಮತ್ತು ರೆಂಡರಿಂಗ್ ಕಾರ್ಡಿನಿಂದ ಕೇಳುವ ದುಡಿಮೆ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಾದರಿಯನ್ನು ಕಟ್ಟುವಾಗ ಕಾರ್ಡಿನ ಪಾಲಿಗೆ ಬರುವುದು ಮೆಷ್ ಅನ್ನು (ಮಾದರಿಯ ಮೇಲ್ಮೈಯಾದ ಬಲೆ) ವ್ಯೂಪೋರ್ಟಿನಲ್ಲಿ (ಕೆಲಸ ಮಾಡುವಾಗ ಮಾದರಿ ಕಾಣುವ ಕಿಟಕಿ) ತಡೆಯಿಲ್ಲದೆ ತೋರಿಸುವ ಕೆಲಸ. ಬೂಲಿಯನ್ ಕ್ರಿಯೆಗಳು (ಆಕಾರಗಳನ್ನು ಕೂಡಿಸುವುದು, ಕಳೆಯುವುದು), ಮಾಡಿಫೈಯರ್‌ಗಳು (ಆಕಾರವನ್ನು ತಾನಾಗಿ ಬದಲಿಸುವ ಸಾಧನಗಳು), ಪ್ಯಾರಾಮೆಟ್ರಿಕ್ ಮಾದರಿಯ (ಅಳತೆ ಬದಲಿಸಿದರೆ ಆಕಾರ ಬದಲಾಗುವ ಮಾದರಿ) ಮರುರಚನೆ ಮುಂತಾದವು ಬಹುಮಟ್ಟಿಗೆ ಪ್ರೊಸೆಸರ್ ಮೇಲೆ, ಅದರಲ್ಲೂ ಅನೇಕ ವೇಳೆ ಅದರ ಒಂದೇ ಕೋರ್ ಮೇಲೆ ನಡೆಯುತ್ತವೆ. ಹಾಗಾಗಿ ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್‌ನಲ್ಲಿ ದೊಡ್ಡ ಕಟ್ಟಡದ ಕಡತ ನಿಧಾನವಾಗಿದೆ ಎಂದು ಕಾರ್ಡ್ ಬದಲಿಸಿದವರಿಗೆ ನಿರಾಸೆಯಾಗುವ ಸಂಭವವೇ ಹೆಚ್ಚು. ಹಾಗೆಯೇ ಕೊರೋನಾದಂತಹ ರೆಂಡರರ್ ಪ್ರೊಸೆಸರ್ ಮೇಲೆಯೇ ದುಡಿಯುವುದರಿಂದ, ಅದನ್ನು ಬಳಸುವವರು ಕಾರ್ಡಿಗೆ ಮೀಸಲಿಟ್ಟ ಹಣದ ಬಹುಪಾಲನ್ನು ಪ್ರೊಸೆಸರ್‌ಗೆ ತಿರುಗಿಸುವುದು ಲೇಸು.

ಕಾರ್ಡ್ ಮೇಲೆ ನಡೆಯುವ ರೆಂಡರರ್‌ಗಳ ವಿಚಾರದಲ್ಲಿ ಸಂಸ್ಥೆಯ ಆಯ್ಕೆ ನಿಜವಾಗಿಯೂ ಮುಖ್ಯವಾಗುತ್ತದೆ. ಆಕ್ಟೇನ್, ರೆಡ್‌ಶಿಫ್ಟ್ ಮುಂತಾದವು ಎನ್‌ವಿಡಿಯಾದ ಕುಡಾ (ಆ ಸಂಸ್ಥೆಯ ಕಾರ್ಡ್‌ಗಳಿಂದ ಲೆಕ್ಕ ಮಾಡಿಸುವ ತಂತ್ರಾಂಶ) ನೆಲೆಯ ಮೇಲೆ ಬೆಳೆದವು; ಆರ್ನಾಲ್ಡ್‌ನ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಮೇಲೆ ನಡೆಯುವ) ವಿಧಾನಕ್ಕೆ ಎನ್‌ವಿಡಿಯಾ ಕಾರ್ಡ್ ಬೇಕೇ ಬೇಕು. ಬ್ಲೆಂಡರ್ ತಂತ್ರಾಂಶದ ರೆಂಡರರ್ ಆದ ಸೈಕಲ್ಸ್ ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. 2021ರ ಡಿಸೆಂಬರ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಓಪನ್‌ಸಿಎಲ್ ಎಂಬ ಹಳೆಯ ನೆಲೆಯನ್ನು ಕೈಬಿಟ್ಟು ಎಎಮ್‌ಡಿ ಕಾರ್ಡ್‌ಗಳಿಗಾಗಿ ಕುಡಾದಂತಹದೇ ಆದ ಹಿಪ್ ಅನ್ನು ಅಳವಡಿಸಿಕೊಂಡ ಅದು, 2022ರ 3.3 ಆವೃತ್ತಿಯಿಂದ ಇಂಟೆಲ್ ಆರ್ಕ್ ಕಾರ್ಡ್‌ಗಳ ಮೇಲೂ ನಡೆಯುತ್ತದೆ. ಆದರೂ ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ಪ್ರತ್ಯೇಕ ಘಟಕಗಳನ್ನು ಆಪ್ಟಿಎಕ್ಸ್ ಎಂಬ ತನ್ನ ತಂತ್ರಾಂಶದ ಮೂಲಕ ದುಡಿಸಿಕೊಳ್ಳುವುದರಲ್ಲಿ ಎನ್‌ವಿಡಿಯಾ ಮುಂದಿದೆ. ಗ್ರಾಹಕರಿಗೆ ದಿನ ಗೊತ್ತುಮಾಡಿ ಕೆಲಸ ಒಪ್ಪಿಸುವವರು, ಇನ್ನೂ ಹೊಸ ರೆಂಡರರ್‌ಗಳನ್ನು ಕಲಿಯುವ ಹಂತದಲ್ಲಿರುವವರು ಎನ್‌ವಿಡಿಯಾವನ್ನೇ ಆರಿಸಿಕೊಳ್ಳುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಬ್ಲೆಂಡರ್ ಒಂದನ್ನೇ ನೆಚ್ಚಿಕೊಂಡವರಿಗೆ ಮಾತ್ರ ಈ ನಿರ್ಬಂಧ ಸಡಿಲವಾಗುತ್ತದೆ.

ಇನ್ನು ಮೆಮೊರಿಯ ವಿಚಾರ. ವೇಗ ಕಡಿಮೆಯಾದರೆ ರೆಂಡರ್ ತಡವಾಗುತ್ತದೆ. ಮೆಮೊರಿ ಸಾಲದಿದ್ದರೆ ರೆಂಡರ್ ಆಗುವುದೇ ಇಲ್ಲ, ಅಥವಾ ಮಿಕ್ಕಿದ ದತ್ತಾಂಶ ಕಂಪ್ಯೂಟರಿನ ಮುಖ್ಯ ಮೆಮೊರಿಗೆ ಹರಿದು ಕೆಲಸ ತೆವಳುತ್ತದೆ. ಇಲ್ಲಿ ಅನೇಕರು ಎಡವುವುದು ಟೆಕ್ಸ್ಚರ್‌ಗಳ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರಗಳು) ಲೆಕ್ಕದಲ್ಲಿ. ಡಿಸ್ಕ್ ಮೇಲೆ ಕೆಲವೇ ಎಂಬಿ ಇರುವ ಜೆಪೆಗ್ ಚಿತ್ರ ಕಾರ್ಡಿನೊಳಗೆ ಹೋಗುವಾಗ ಬಿಚ್ಚಿಕೊಳ್ಳುತ್ತದೆ. 4096 ಪಿಕ್ಸೆಲ್ ಬದಿಯ ಚೌಕ ಚಿತ್ರಕ್ಕೆ ನಾಲ್ಕು ಚಾನಲ್ (ಕೆಂಪು, ಹಸಿರು, ನೀಲಿ, ಪಾರದರ್ಶಕತೆ), ಪ್ರತಿ ಚಾನಲ್‌ಗೆ 8 ಬಿಟ್ ಎಂದು ಹಿಡಿದರೆ 64 ಎಂಬಿ ಬೇಕು. 8192 ಪಿಕ್ಸೆಲ್ ಬದಿಯದಕ್ಕೆ 256 ಎಂಬಿ. ಬಣ್ಣ, ಒರಟುತನ, ನಾರ್ಮಲ್, ಡಿಸ್‌ಪ್ಲೇಸ್‌ಮೆಂಟ್ ಎಂದು ಅಂತಹ ನಾಲ್ಕು ಚಿತ್ರಗಳಿರುವ ಒಂದು ಮೆಟೀರಿಯಲ್ (ವಸ್ತುವಿನ ಮೇಲ್ಮೈಯ ವಿವರಣೆ) ಸುಮಾರು 1 ಜಿಬಿ ತಿನ್ನುತ್ತದೆ; ಹತ್ತು ಮೆಟೀರಿಯಲ್‌ಗಳಾದಾಗ, ಮೆಷ್ ಇನ್ನೂ ಸೇರುವ ಮೊದಲೇ, 10 ಜಿಬಿ. 16 ಬಿಟ್ ಚಿತ್ರಗಳಾದರೆ ಇದರ ಎರಡರಷ್ಟು. ಟೆಕ್ಸ್ಚರ್‌ಗಳನ್ನು ಸಂಕುಚಿಸಿ ಅಥವಾ ಬೇಕಾದಷ್ಟನ್ನೇ ತರಿಸಿಕೊಳ್ಳುವ ರೆಂಡರರ್‌ಗಳಲ್ಲಿ ಈ ಹೊರೆ ಇಳಿಯುತ್ತದೆಯಾದರೂ ಅಂದಾಜಿಗೆ ಕೆಟ್ಟ ಪಕ್ಷದ ಲೆಕ್ಕವನ್ನೇ ಹಿಡಿಯಬೇಕು.

ಆದ್ದರಿಂದ ಈಗಿರುವ ಯಂತ್ರದಲ್ಲಿ ಅತ್ಯಂತ ಭಾರವಾದ ದೃಶ್ಯವನ್ನು ತೆರೆದು, ಅಂತಿಮ ರೆಸಲ್ಯೂಷನ್‌ನಲ್ಲಿಯೇ ರೆಂಡರ್ ಮಾಡುತ್ತ, ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಮೀಸಲು (ಡೆಡಿಕೇಟೆಡ್) ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಎಂದು ನೋಡಿಕೊಳ್ಳಬೇಕು. ಆ ಅಂಕಿಗೆ ಕನಿಷ್ಠ ಎರಡು ಜಿಬಿ ಕೂಡಿಸಬೇಕು, ಏಕೆಂದರೆ ಅಳೆಯುವಾಗ ತೆರೆದಿರದ ಇತರ ತಂತ್ರಾಂಶಗಳೂ ಮುಂದೆ ಜೋಡಿಸುವ ಮಾನಿಟರ್‌ಗಳೂ ಅದೇ ಮೆಮೊರಿಯಲ್ಲಿ ಪಾಲು ಕೇಳುತ್ತವೆ. ಒಂದೇ ಮರವನ್ನು ಸಾವಿರ ಸಲ ನೆಡುವಾಗ ಬೇರೆ ಬೇರೆ ಪ್ರತಿಗಳ ಬದಲು ಇನ್‌ಸ್ಟನ್ಸ್‌ಗಳನ್ನು ಬಳಸಿದರೆ ಮೆಷ್ ಒಮ್ಮೆ ಮಾತ್ರ ಮೆಮೊರಿಯಲ್ಲಿರುತ್ತದೆ. ಹೊಸ ಕಾರ್ಡಿನ ಅಳತೆ ಹಾಕುವ ಮೊದಲು ಕಡತದಲ್ಲಿ ಇಂತಹ ಸಡಿಲ ಜಾಗಗಳು ಉಳಿದಿವೆಯೇ ಎಂದು ನೋಡುವುದು ಜಾಣತನ. ಎರಡು ಕಾರ್ಡ್ ಹಾಕಿದರೆ ಮೆಮೊರಿ ಎರಡರಷ್ಟಾಗುತ್ತದೆ ಎಂದು ನಂಬಬಾರದು. ಸಾಮಾನ್ಯವಾಗಿ ಪ್ರತಿ ಕಾರ್ಡಿನಲ್ಲೂ ಇಡೀ ದೃಶ್ಯದ ಒಂದು ನಕಲು ಇರಬೇಕಾಗುತ್ತದೆ. ಮೆಮೊರಿಯನ್ನು ಹಂಚಿಕೊಳ್ಳಲು ನೆರವಾಗುತ್ತಿದ್ದ ಎನ್‌ವಿಲಿಂಕ್ ಎಂಬ ಕೊಂಡಿ ಎನ್‌ವಿಡಿಯಾದ ಜಿಫೋರ್ಸ್ 40 ಸರಣಿಯಿಂದ ಇಲ್ಲವಾಗಿದೆ.

ಮಧ್ಯಮ ದರ್ಜೆಯಲ್ಲಿ ಈ ವಿವೇಚನೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2025ರಲ್ಲಿ ಬಂದ ಎರಡು ಕಾರ್ಡ್‌ಗಳು ಒಳ್ಳೆಯ ನಿದರ್ಶನ. ಜಿಫೋರ್ಸ್ ಆರ್‌ಟಿಎಕ್ಸ್ 5070ರಲ್ಲಿ 6144 ಕುಡಾ ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) 12 ಜಿಬಿ ಮೆಮೊರಿಯೂ ಇವೆ. ಅದಕ್ಕಿಂತ ಕೆಳಗಿನ 5060 ಟಿಐ ಕಾರ್ಡಿನಲ್ಲಿ 4608 ಕೋರ್‌ಗಳಿದ್ದರೂ ಅದರ ಒಂದು ಬಗೆಯಲ್ಲಿ 16 ಜಿಬಿ ಮೆಮೊರಿ ಇದೆ. ಉತ್ಪನ್ನ ವಿನ್ಯಾಸದ ಬಿಡಿ ವಸ್ತುಗಳನ್ನು ರೆಂಡರ್ ಮಾಡುವವರಿಗೆ 5070 ನಿಸ್ಸಂದೇಹವಾಗಿ ಮೇಲು. ಮರಗಿಡ, ಪೀಠೋಪಕರಣ, ಬಟ್ಟೆಗಳಿಂದ ತುಂಬಿದ ವಾಸ್ತುದೃಶ್ಯಗಳನ್ನು ಮಾಡುವವರಿಗೆ ನಾನು 16 ಜಿಬಿಯ 5060 ಟಿಐ ಅನ್ನೇ ಸೂಚಿಸುತ್ತೇನೆ. ಕೈಗೆಟುಕುವಂತಿದ್ದರೆ ವೇಗ, ಮೆಮೊರಿ ಎರಡೂ ಇರುವ 16 ಜಿಬಿಯ 5070 ಟಿಐ ಮತ್ತೂ ಉತ್ತಮ. 8 ಜಿಬಿಯ 5060 ಟಿಐ ಹೆಸರಿನಲ್ಲಿ ಅದೇ ಕಾರ್ಡ್ ಆದರೂ ಈ ವೃತ್ತಿಗೆ ತಕ್ಕದ್ದಲ್ಲ, ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನೋಡದೆ ಕೊಳ್ಳಬಾರದು. 5060 ಟಿಐ ಎಂಟು ಪಿಸಿಐಇ ಲೇನ್‌ಗಳನ್ನಷ್ಟೇ (ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವೆ ದತ್ತಾಂಶ ಹರಿಯುವ ದಾರಿಗಳು) ಬಳಸುತ್ತದೆ ಎಂಬುದನ್ನು ಹಳೆಯ ಮದರ್‌ಬೋರ್ಡ್ ಇರುವವರು ಗಮನದಲ್ಲಿಡಬೇಕು. ಮೆಮೊರಿ ತುಂಬಿ ಹೊರಚೆಲ್ಲಿದಾಗ ಆ ಇಕ್ಕಟ್ಟು ತಟ್ಟುತ್ತದೆ.

ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಸೀಮೆನ್ಸ್ ಎನ್‌ಎಕ್ಸ್ ಬಳಸುವ ಎಂಜಿನಿಯರ್‌ಗಳ ದಾರಿ ಬೇರೆ. ಈ ತಂತ್ರಾಂಶಗಳ ತಯಾರಕರು ಪರೀಕ್ಷಿಸಿ ಪ್ರಮಾಣೀಕರಿಸಿದ ಕಾರ್ಡ್ ಮತ್ತು ಡ್ರೈವರ್‌ಗಳ ಪಟ್ಟಿಯಲ್ಲಿ ವರ್ಕ್‌ಸ್ಟೇಷನ್ ಕಾರ್ಡ್‌ಗಳೇ (ವೃತ್ತಿಪರರಿಗೆಂದೇ ತಯಾರಾದವು) ಪ್ರಧಾನವಾಗಿರುತ್ತವೆ, ಮತ್ತು ತೊಂದರೆ ಎದುರಾದಾಗ ನೆರವು ಕೇಳುವವರಿಗೆ ಆ ಪಟ್ಟಿಯಲ್ಲಿರುವುದು ದೊಡ್ಡ ಆಸರೆ. ಅಂತಹವುಗಳ ಪೈಕಿ ಎನ್‌ವಿಡಿಯಾದ ಆರ್‌ಟಿಎಕ್ಸ್ 2000 ಏಡಾ ಕೇವಲ 70 ವಾಟ್‌ನಲ್ಲಿ 16 ಜಿಬಿ ಕೊಡುತ್ತದೆ. ಆರ್‌ಟಿಎಕ್ಸ್ 4000 ಏಡಾ ಒಂದೇ ಸ್ಲಾಟ್‌ನಲ್ಲಿ ಕೂರುತ್ತದೆ, 130 ವಾಟ್‌ನಲ್ಲಿ 20 ಜಿಬಿ. ಚಿಕ್ಕ ಕ್ಯಾಬಿನೆಟ್ಟಿಗೆ ಇವು ವರವೇ ಸರಿ. ಆದರೆ ಕೊಟ್ಟ ಹಣಕ್ಕೆ ಸಿಗುವ ರೆಂಡರ್ ವೇಗವೊಂದನ್ನೇ ತೂಗಿದರೆ ಜಿಫೋರ್ಸ್ ಕಾರ್ಡ್‌ಗಳು ಮುಂದಿರುತ್ತವೆ.

ರೆಂಡರ್ ಎಂದರೆ ಗಂಟೆಗಟ್ಟಲೆ ಬಿಡುವಿಲ್ಲದ ದುಡಿತವಾದ್ದರಿಂದ ದೊಡ್ಡ ಹೀಟ್‌ಸಿಂಕ್ ಇರುವ ಮಾದರಿ, ಗಾಳಿಯಾಡುವ ಕ್ಯಾಬಿನೆಟ್ ಮತ್ತು ಕಾರ್ಡ್ ತಯಾರಕರು ಸೂಚಿಸಿದ ಸಾಮರ್ಥ್ಯಕ್ಕೆ ಕಡಿಮೆಯಿಲ್ಲದ ಪವರ್ ಸಪ್ಲೈ ಬೇಕು. 5070 ಟಿಐ ಒಂದೇ 300 ವಾಟ್ ಎಳೆಯುತ್ತದೆ. ಮುಖ್ಯ ಮೆಮೊರಿ ವಿಡಿಯೊ ಮೆಮೊರಿಯ ಎರಡರಷ್ಟಾದರೂ ಇರಲಿ.

ವೇಗವನ್ನು ಹೋಲಿಸುವಾಗ ಆಟಗಳ ಫ್ರೇಮ್ ರೇಟ್ ನೋಡಿ ಪ್ರಯೋಜನವಿಲ್ಲ. ಬ್ಲೆಂಡರ್ ಓಪನ್ ಡೇಟಾ ತಾಣದಲ್ಲಿ ಬಳಕೆದಾರರೇ ನಿಗದಿತ ದೃಶ್ಯಗಳನ್ನು ರೆಂಡರ್ ಮಾಡಿ ಸೇರಿಸಿದ ಫಲಿತಾಂಶಗಳಿವೆ; ಹಳೆಯ ಕಾರ್ಡಿನ ಅಂಕವನ್ನೂ ಅಲ್ಲಿಯೇ ಹುಡುಕಿ ಹೊಸದರೊಂದಿಗೆ ಹೋಲಿಸಬಹುದು. ಕಾರ್ಡ್ ಬಂದ ಮೇಲೆ ಎನ್‌ವಿಡಿಯಾ ಆದರೆ ಸ್ಟುಡಿಯೊ ಡ್ರೈವರ್ (ವಿನ್ಯಾಸದ ತಂತ್ರಾಂಶಗಳಿಗೆಂದು ಕೊಡುವ ಡ್ರೈವರ್) ಹಾಕಿ, ಬ್ಲೆಂಡರ್‌ನ ಸಿಸ್ಟಮ್ ಆದ್ಯತೆಗಳಲ್ಲಿ ಕುಡಾ ಬದಲು ಆಪ್ಟಿಎಕ್ಸ್ ಆರಿಸಿ, ದೃಶ್ಯದ ರೆಂಡರ್ ಆಯ್ಕೆಯಲ್ಲಿಯೂ ಸಾಧನವನ್ನು ಜಿಪಿಯುಗೆ ಬದಲಿಸಿಕೊಳ್ಳಬೇಕು. ಬಳಿಕ ಮೊದಲು ಅಳೆದಿಟ್ಟ ಅದೇ ಭಾರವಾದ ದೃಶ್ಯವನ್ನು, ಕಾರ್ಡ್ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಪೂರ್ಣ ರೆಸಲ್ಯೂಷನ್‌ನಲ್ಲಿ ಒಂದು ರಾತ್ರಿಯಿಡೀ ಓಡಿಸಿ ಉಷ್ಣತೆ, ಸದ್ದು ಮತ್ತು ಮೆಮೊರಿ ಬಳಕೆಯನ್ನು ದಾಖಲಿಸಿಕೊಳ್ಳಬೇಕು.