ಕರೆಂಟ್ ಮೀಟರ್ ಜಾಸ್ತಿ ಓಡ್ತಿದೆಯಾ? ಮನೆಯಲ್ಲೇ ನೋಡುವುದು ಹೀಗೆ

ಬಿಲ್ ಜಾಸ್ತಿ ಬಂದ ತಿಂಗಳು ಎಲ್ಲರಿಗೂ ಮೊದಲು ಅನುಮಾನ ಬರುವುದು ಮೀಟರ್ ಮೇಲೆ. ದೂರು ಕೊಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮೊಬೈಲಿನ ಸ್ಟಾಪ್‌ವಾಚ್, ನೀರು ಕಾಯಿಸುವ ಹೀಟರ್ ರಾಡ್, ಜೊತೆಗೆ ಇನ್ನೊಬ್ಬರು ಇದ್ದರೆ ಸಾಕು. ಮೀಟರಿನ ಸೀಲ್ ಮಾತ್ರ ಮುಟ್ಟಬೇಡಿ.

ಮೊದಲು ಮೀಟರ್ ಮೇಲೆ ಬರೆದಿರುವುದನ್ನು ಓದಿ. ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಎಂದು ಅಲ್ಲಿರುತ್ತದೆ. 3200 ಅಂತಿದ್ದರೆ, ಕೆಂಪು ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್. ಅಂದರೆ 1000 ವಾಟ್ ಒಂದು ಗಂಟೆ ಉರಿದ ಲೆಕ್ಕ. ಪಕ್ಕದಲ್ಲೇ ‘ಕ್ಲಾಸ್ 1.0’ ಎಂದಿದ್ದರೆ, ಮೀಟರ್ ಸುಮಾರು 1 ಪರ್ಸೆಂಟ್ ಆಚೀಚೆ ತೋರಿಸಿದರೂ ಸರಿ ಎಂದೇ ಲೆಕ್ಕ.

ಈಗ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ದೀಪ ಮಿನುಗುವುದು ನಿಲ್ಲಬೇಕು. ನಿಲ್ಲದಿದ್ದರೆ ಮಧ್ಯದಲ್ಲಿ ಯಾರಾದರೂ ಲೈನ್ ಎಳೆದಿರಬೇಕು, ಇಲ್ಲವೇ ಮೀಟರ್ ಕೆಟ್ಟಿರಬೇಕು. ನಿಂತರೆ ಮೇನ್ ಆನ್ ಮಾಡಿ, ಫ್ರಿಜ್, ಯುಪಿಎಸ್, ವೈಫೈ ಎಲ್ಲವನ್ನೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ.

ಬಕೆಟ್ ನೀರಿಗೆ ರಾಡ್ ಇಳಿಸಿ, ಆಮೇಲೆ ಸ್ವಿಚ್ ಹಾಕಿ. ನೀರಿಗೆ ಕೈ ಹಾಕಬೇಡಿ. ಗೀಸರ್, ಇಸ್ತ್ರಿಪೆಟ್ಟಿಗೆ ಈ ಕೆಲಸಕ್ಕೆ ಆಗುವುದಿಲ್ಲ. ಅವು ಬಿಸಿಯಾದಂತೆ ತಾವೇ ಆಫ್ ಆಗುತ್ತವೆ. ಒಬ್ಬರು ರಾಡ್ ಹತ್ತಿರ ಇರಲಿ, ಇನ್ನೊಬ್ಬರು ಎಣಿಸಲಿ. ಸ್ಟಾಪ್‌ವಾಚ್ ಒತ್ತಿದ ಮಿನುಗನ್ನು ‘ಸೊನ್ನೆ’ ಎಂದೇ ಎಣಿಸಿ. ‘ಒಂದು’ ಅಂದರೆ ಲೆಕ್ಕ ಅಲ್ಲೇ ತಪ್ಪಿತು. 120ಕ್ಕೆ ನಿಲ್ಲಿಸಿ.

1500 ವಾಟಿನ ರಾಡ್, 3200ರ ಮೀಟರ್ ಆದರೆ 90 ಸೆಕೆಂಡ್ ಆಗಬೇಕು. ನಿಮಗೆ 83 ಬಂತು ಅನ್ನಿ. ‘ನೋಡಿ, ಎಂಟು ಪರ್ಸೆಂಟ್ ಜಾಸ್ತಿ!’ ಅನ್ನಿಸುತ್ತದೆ ಅಲ್ವಾ? ಸ್ವಲ್ಪ ತಡೀರಿ. ರಾಡ್ 1500 ವಾಟ್ ಎಳೆಯುವುದು 230 ವೋಲ್ಟ್ ಇದ್ದಾಗ. ಆ ಹೊತ್ತಿಗೆ ಮನೆಗೆ 240 ವೋಲ್ಟ್ ಬರುತ್ತಿದ್ದರೆ, 240ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 1500ರಿಂದ ಗುಣಿಸಿ. 1633 ವಾಟ್! ಅದಕ್ಕೆ 83 ಸೆಕೆಂಡೇ ಸರಿ. ಮೀಟರಿನದ್ದು ಏನೂ ತಪ್ಪಿಲ್ಲ. ವೋಲ್ಟೇಜನ್ನು ಕೆಲವು ಮೀಟರ್‌ಗಳು ಬಟನ್ ಒತ್ತಿದರೆ ತಾವೇ ತೋರಿಸುತ್ತವೆ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಇಡಿಸಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ರಾಡ್ ಮೇಲೆ ಬರೆದ ವಾಟ್ ಐದು, ಹತ್ತು ಪರ್ಸೆಂಟ್ ಆಚೀಚೆ ಇರುವುದು ಮಾಮೂಲು. ವೋಲ್ಟೇಜ್ ಅಳತೆ 1 ಪರ್ಸೆಂಟ್ ತಪ್ಪಿದರೆ ವಾಟ್ ಲೆಕ್ಕ 2 ಪರ್ಸೆಂಟ್ ತಪ್ಪುತ್ತದೆ. ಮನೆಯ ತಕ್ಕಡಿಯಲ್ಲಿ ಅಕ್ಕಸಾಲಿಗನ ತಕ್ಕಡಿ ಪರೀಕ್ಷಿಸಿದ ಹಾಗೆ! ಹಾಗಾಗಿ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ದೊಡ್ಡ ದೋಷ ಮಾತ್ರ. ಇಪ್ಪತ್ತು, ಮೂವತ್ತು ಪರ್ಸೆಂಟ್ ವ್ಯತ್ಯಾಸ ಬಂದರೆ ಸುಮ್ನೆ ಬಿಡಬೇಡಿ. ಐದಾರು ಪರ್ಸೆಂಟಿಗೆ ಜಗಳಕ್ಕೆ ಹೋಗಬೇಡಿ.

ಮೀಟರನ್ನು ನಿಖರವಾಗಿ ಪರೀಕ್ಷಿಸಲು ಲ್ಯಾಬ್‌ನಲ್ಲಿ ಮಾಡುವುದು ಕ್ಯಾಲಿಬ್ರೇಷನ್. ಹಾಗಂದರೆ ಇಷ್ಟೇ: ಒಂದು ಉಪಕರಣವನ್ನು ಅದಕ್ಕಿಂತ ನಿಖರವಾದ ಇನ್ನೊಂದರ ಜೊತೆ ಹೋಲಿಸಿ, ವ್ಯತ್ಯಾಸ ಬರೆದಿಡುವುದು. ತಿರುಪು ತಿರುಗಿಸಿ ಸರಿಮಾಡುವುದು ಬೇರೆಯೇ ಕೆಲಸ. ಹೋಲಿಕೆಗೆ ತಂದದ್ದು ಕನಿಷ್ಠ ನಾಲ್ಕು ಪಟ್ಟು ನಿಖರವಾಗಿರಲಿ ಎನ್ನುವುದು ಲ್ಯಾಬ್‌ಗಳ ರೂಢಿ. ಆ ನಿಖರವಾದದ್ದನ್ನೂ ಇನ್ನೂ ಮೇಲಿನದಕ್ಕೆ ಹೋಲಿಸಿರಬೇಕು. ನಮ್ಮ ದೇಶದಲ್ಲಿ ಈ ಸರಪಳಿಯ ತುದಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ವಿದ್ಯುತ್ ಮೀಟರ್‌ಗಳನ್ನು ಪರೀಕ್ಷಿಸುವ ದೊಡ್ಡ ಲ್ಯಾಬ್ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೇ (ಸಿಪಿಆರ್‌ಐ) ಇದೆ.

ದೋಷ ದೊಡ್ಡದು ಅನ್ನಿಸಿದರೆ ಬಿಲ್ ಮೇಲಿರುವ ಆರ್‌ಆರ್ ನಂಬರ್ ಬರೆದು ನಿಮ್ಮ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗದ ಕಚೇರಿಗೆ ಅರ್ಜಿ ಕೊಡಿ, ಪರೀಕ್ಷೆಯ ಶುಲ್ಕ ಕಟ್ಟಿ. ಸಿಬ್ಬಂದಿ ಬಂದಾಗ ಮನೆಯಲ್ಲೇ ಇರಿ. ದೋಷ ಎಷ್ಟು ಪರ್ಸೆಂಟ್ ಎಂದು ಬರೆದ ವರದಿ ಕೇಳಿ ಪಡೆಯಿರಿ. ‘ಮೀಟರ್ ಸರಿಯಿದೆ’ ಎಂಬ ಬಾಯಿಮಾತಿಗೆ ಒಪ್ಪಬೇಡಿ.